ಪೋರ್ಟ್ಸ್‌ಮತ್ತಿನ ಮದುವೆ, ಅಂಜದೀಪದ ಮಸಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ಸೀಮೆಯ ಯಾವ ಗುಡ್ಡವನ್ನೇರಿ ನಿಂತರೂ ಕಡಲು ಕಾಣದು. ಹೊನ್ನಾಳಿಯವರಿಗೆ ತುಂಗಭದ್ರೆಯೇ ಕಡಲು, ಚನ್ನಗಿರಿಯವರಿಗೆ ಸೂಳೆಕೆರೆ, ಜಗಳೂರಿನವರಿಗೆ ಒಳ್ಳೆಯ ಮಳೆಯಾದ ವರ್ಷ ಕೋಡಿ ಬಿದ್ದ ಯಾವ ಕೆರೆಯಾದರೂ ಸರಿಯೆ. ಆದುದರಿಂದಲೋ ಏನೋ, ರಜೆ ಎಂದೊಡನೆ ಇಲ್ಲಿಯ ಸಂಸಾರಗಳಿಗೆ ಮೊದಲು ನೆನಪಾಗುವುದು ಸಮುದ್ರ. ಶಿಕಾರಿಪುರ, ಶಿರಸಿಗಳನ್ನು ಹಾದು, ದೇವಿಮನೆ ಘಟ್ಟವನ್ನಿಳಿದು, ಕುಮಟಾ ಅಂಕೋಲಾಗಳ ಮೇಲೆ ಕಾರವಾರವನ್ನು ಸೇರುವ ಹೊತ್ತಿಗೆ ಬುತ್ತಿಯ ಚಿತ್ರಾನ್ನ ಮುಗಿದಿರುತ್ತದೆ, ಮಕ್ಕಳು ಎರಡು ಬಾರಿ ವಾಂತಿ ಮಾಡಿಕೊಂಡಿರುತ್ತಾರೆ. ಆದರೂ ಅಲೆಯ ಸದ್ದು ಕಿವಿಗೆ ಬಿದ್ದರೆ ಸಾಕು, ದಾರಿಯ ದಣಿವೆಲ್ಲ ಮರೆತುಹೋಗುತ್ತದೆ. ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಉದ್ಯೋಗಕ್ಕೆ ನಿಂತಿರುವ ಮನೆಗಳ ಹಿರಿಯರು ಇದಕ್ಕಿಂತ ದೂರದ ಕಡಲನ್ನೂ ಕಂಡು ಬರುತ್ತಾರೆ. ಬಂದ ಅಪ್ಪ ಅಮ್ಮಂದಿರನ್ನು ಲಂಡನ್ನಿನಿಂದ ಒಂದು ದಿನದ ಮಟ್ಟಿಗೆ ಕರೆದೊಯ್ದು ತೋರಿಸುವ ಊರುಗಳಲ್ಲಿ ಪೋರ್ಟ್ಸ್‌ಮತ್ ಒಂದು. ರೈಲಿನಲ್ಲಿ ಎರಡು ಗಂಟೆಯೂ ಬೇಡ.

ಎರಡೂ ನೌಕಾಪಡೆಯ ಊರುಗಳೇ. ಒಂದಕ್ಕೆ ಐದು ಶತಮಾನಗಳ ವಯಸ್ಸು. ಇನ್ನೊಂದರ ನೌಕಾನೆಲೆ ನಿನ್ನೆ ಮೊನ್ನೆಯದು. ಎರಡನ್ನೂ ನೋಡಿದವರು ಕೂಡ ಇವುಗಳ ನಡುವಣ ಹಳೆಯ ನಂಟೊಂದನ್ನು ಗಮನಿಸದೆ ಹಿಂದಿರುಗುವುದುಂಟು.

ಪೋರ್ಟ್ಸ್‌ಮತ್ತಿನಲ್ಲಿ 7ನೆಯ ಹೆನ್ರಿ ದೊರೆ 1495ರಲ್ಲಿಯೇ ಹಡಗುಗಳ ದುರಸ್ತಿಗಾಗಿ ಒಣ ಹಡಗುಕಟ್ಟೆಯನ್ನು ಕಟ್ಟಿಸಿದ. ಇಂದಿಗೂ ಯುದ್ಧನೌಕೆಗಳು ಬಂದು ಹೋಗುವ ಆ ಬಂದರಿನ ಒಂದು ಭಾಗವನ್ನು ಪ್ರವಾಸಿಗಳಿಗೆ ತೆರೆದಿದ್ದಾರೆ. ಎಲ್ಲರೂ ಮೊದಲು ಧಾವಿಸುವುದು ‘ವಿಕ್ಟರಿ’ಯ ಕಡೆಗೆ. 1765ರಲ್ಲಿ ನೀರಿಗಿಳಿದ ಈ ಮರದ ಹಡಗಿನ ಮೇಲೆಯೇ 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಗುಂಡು ತಗುಲಿ ಮಡಿದ. 1922ರಿಂದ ಅದು ಒಣ ಕಟ್ಟೆಯಲ್ಲಿ ನಿಂತಿದೆ. ದೇವರ ರಥದಂತೆ ಅದರ ಮರವನ್ನು ಕಾಲಕಾಲಕ್ಕೆ ಬದಲಿಸುತ್ತ ಬಂದಿದ್ದಾರೆ. ಬದಲಿಸಿದಷ್ಟೂ ಅದು ಹಳೆಯದೇ ಆಗಿ ಉಳಿದಿದೆ. ಮರದ ಮಾತು ಬಂದುದರಿಂದ ಒಂದು ಸಂಗತಿ: ಮಲಬಾರಿನ ತೇಗದಿಂದ ಮುಂಬಯಿಯ ವಾಡಿಯಾ ಮನೆತನದ ಶಿಲ್ಪಿಗಳು ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕಾಮಲಿ’ ಎಂಬ ನೌಕೆಯೂ ಹಲವು ವರ್ಷ ಇದೇ ಬಂದರಿನಲ್ಲಿ ತರಬೇತಿಯ ಹಡಗಾಗಿ ನಿಂತಿತ್ತು. ಈಗ ಅದು ಹಾರ್ಟ್ಲ್‌ಪೂಲಿನಲ್ಲಿದೆ.

ವಿಕ್ಟರಿಯ ವೈಭವವನ್ನು ನೋಡಿದ ಕಣ್ಣಿಗೆ ಪಕ್ಕದ ‘ಮೇರಿ ರೋಸ್’ ಮೊದಲು ಮಂಕಾಗಿಯೇ ಕಾಣುತ್ತದೆ. ಅರ್ಧ ಹಡಗು, ಕಪ್ಪು ಹಿಡಿದ ತೊಲೆಗಳು. 1545ರ ಜುಲೈ 19ರಂದು ಫ್ರೆಂಚರ ಹಡಗುಗಳನ್ನು ಎದುರಿಸಲು ಹೊರಟ ಈ ನೌಕೆ, ದಡದಲ್ಲಿದ್ದ 8ನೆಯ ಹೆನ್ರಿಯ ಕಣ್ಣೆದುರಿನಲ್ಲೇ ವಾಲಿ ಮುಳುಗಿತು. ಅದರಲ್ಲಿದ್ದ ಸುಮಾರು 500 ಮಂದಿಯಲ್ಲಿ ಬದುಕಿದವರು ಬೆರಳೆಣಿಕೆಯಷ್ಟು. 1982ರಲ್ಲಿ ಅದನ್ನು ಮೇಲೆತ್ತಿದಾಗ ಕೆಸರಿನಲ್ಲಿ ದೊರೆತುದು ಫಿರಂಗಿಗಳು ಮಾತ್ರವಲ್ಲ. ನಾವಿಕರ ಚರ್ಮದ ಜೋಡುಗಳು, ಊಟದ ಮರದ ತಟ್ಟೆಗಳು, ಹೇನು ತೆಗೆಯುವ ಬಾಚಣಿಗೆಗಳು, ವೈದ್ಯನ ಪೆಟ್ಟಿಗೆ, ಒಂದು ನಾಯಿಯ ಎಲುಬುಗೂಡು. ಆ ನಾವಿಕರಲ್ಲಿ ಬಹುಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ. ಆದರೂ ಅವರ ಬಾಚಣಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೀಪ ಹಾಕಿ, ದೊರೆಯ ಆಭರಣವನ್ನು ತೋರಿಸುವಷ್ಟೇ ಗೌರವದಿಂದ ತೋರಿಸಿದ್ದಾರೆ. ಪೋರ್ಟ್ಸ್‌ಮತ್ತಿನಲ್ಲಿ ನೋಡಲೇಬೇಕಾದುದು ಇದೇ.

ಇಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, ಹಳೆಯ ಊರಿನ ಕಡಲಂಚಿಗೆ, ಅರ್ಧ ಮಾಡಿಲ್ಲದ ಒಂದು ಚರ್ಚಿದೆ. 1941ರ ಬಾಂಬ್ ದಾಳಿಯಲ್ಲಿ ಅದರ ಮಾಡು ಹೋಯಿತು. ಅದರ ಹೆಸರು ‘ಡೋಮಸ್ ಡೇಯಿ’. ಯಾತ್ರಿಕರಿಗಾಗಿ 13ನೆಯ ಶತಮಾನದಲ್ಲಿ ಕಟ್ಟಿದ ಛತ್ರದ ಉಳಿಕೆ. ಮುಂದೆ ಈ ಛತ್ರದ ಕಟ್ಟಡಗಳು ಊರಿನ ಗವರ್ನರನ ಮನೆಯಾಗಿದ್ದಾಗ, 1662ರ ಮೇ 21ರಂದು, ಇಂಗ್ಲೆಂಡಿನ 2ನೆಯ ಚಾರ್ಲ್ಸ್ ದೊರೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಕೈಹಿಡಿದ. ಮುಂಬಯಿ ದ್ವೀಪ ಈ ಮದುವೆಯ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಬಂದಿತೆಂಬುದನ್ನು ನಮ್ಮ ಹೈಸ್ಕೂಲಿನ ಮಕ್ಕಳೂ ಬಲ್ಲರು. ವರದಕ್ಷಿಣೆಯನ್ನು ಇಸಿದುಕೊಳ್ಳಲು ಹೊರಟವರ ಗತಿಯೇನಾಯಿತೆಂಬುದನ್ನು ಮಾತ್ರ ಪಠ್ಯಪುಸ್ತಕ ಹೇಳುವುದಿಲ್ಲ.

ಸರ್ ಅಬ್ರಹಾಂ ಶಿಪ್‌ಮನ್ ಎಂಬಾತ ಸುಮಾರು 400 ಸೈನಿಕರೊಡನೆ ಅದೇ ವರ್ಷ ಮುಂಬಯಿಯನ್ನು ಮುಟ್ಟಿದ. ಒಪ್ಪಂದದ ಪತ್ರ ಸರಿಯಿಲ್ಲವೆಂದು ಪೋರ್ಚುಗೀಸ್ ಅಧಿಕಾರಿಗಳು ದ್ವೀಪವನ್ನು ಬಿಟ್ಟುಕೊಡಲಿಲ್ಲ. ವರದಕ್ಷಿಣೆಯ ಜಗಳ ಯಾವ ದೇಶದಲ್ಲಿಯೂ ಒಂದೇ ಬಗೆಯೆಂದು ಕಾಣುತ್ತದೆ. ಇಳಿಯಲು ನೆಲವಿಲ್ಲದ ಈ ದಂಡು ಕೊನೆಗೆ ಹೋಗಿ ಇಳಿದುದು ಕಾರವಾರದ ದಕ್ಷಿಣಕ್ಕೆ, ಬಿಣಗಾ–ಅರ್ಗಾ ಕರಾವಳಿಯ ಎದುರಿಗಿರುವ ಅಂಜದೀಪ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಮಳೆಗಾಲಗಳನ್ನು ಕಳೆದರು. ಕಾಯಿಲೆ ಒಬ್ಬೊಬ್ಬರನ್ನಾಗಿ ಎಳೆದುಕೊಂಡಿತು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಮುಂಬಯಿ ಕೊನೆಗೂ ಕೈಗೆ ಬಂದಾಗ ಅದನ್ನು ವಹಿಸಿಕೊಳ್ಳಲು ಉಳಿದಿದ್ದವರು ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಸೈನಿಕರು. ಹೀಗೆ ಪಡೆದ ದ್ವೀಪವನ್ನು ದೊರೆ ಮೂರೇ ವರ್ಷದಲ್ಲಿ, 1668ರಲ್ಲಿ, ವರ್ಷಕ್ಕೆ 10 ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಬಿಟ್ಟ!

ಹೊನ್ನಾಳಿಯಿಂದ ಹೊರಟು ಪೋರ್ಟ್ಸ್‌ಮತ್ತಿನ ಆ ಚರ್ಚಿನ ಅಂಗಳದಲ್ಲಿ ಫೋಟೋ ತೆಗೆಸಿಕೊಂಡ ಹಿರಿಯರಿಗೆ, ಅಲ್ಲಿ ಆದ ಮದುವೆಯ ಋಣಕ್ಕೆ ತಲೆಗೊಟ್ಟವರು ತಮ್ಮ ಊರಿನಿಂದ ಒಂದು ದಿನದ ದಾರಿಯಲ್ಲಿ ಮಣ್ಣಾಗಿದ್ದಾರೆಂದು ಯಾರು ಹೇಳಬೇಕು? ಆ ಸೈನಿಕರು ಬಳಸಿದ ಬಾಚಣಿಗೆಯೊಂದೂ ಯಾವ ಗಾಜಿನ ಪೆಟ್ಟಿಗೆಯನ್ನೂ ಸೇರಲಿಲ್ಲ.

ಕಾರವಾರದಲ್ಲಿ ಪ್ರವಾಸಿಗೆ ಮೊದಲು ಎದುರಾಗುವುದು ಠಾಕೂರರ ಹೆಸರಿನ ಕಡಲ ದಂಡೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥರು ಬಂದು ತಂಗಿದ್ದರು. ಅವರ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಇಲ್ಲಿ ರೂಪುಗೊಂಡಿತು. ದಂಡೆಯ ಮೇಲೆ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸುಮಾರು 39 ಮೀಟರ್ ಉದ್ದದ ದೋಣಿ. ಇಕ್ಕೆಲಗಳಲ್ಲಿ ಎರಡೆರಡು ಕ್ಷಿಪಣಿಗಳ ಕೊಳವೆ. ಒಳಗೆ ಸಮವಸ್ತ್ರ ತೊಟ್ಟ ಗೊಂಬೆಗಳು. ಇದೇ ದೋಣಿ 1971ರಲ್ಲಿ ಕರಾಚಿಯನ್ನು ಸುಟ್ಟಿತೆಂದು ತಂದೆಯರು ಮಕ್ಕಳಿಗೆ ಹೇಳುವುದುಂಟು. ಹಾಗಲ್ಲ. ಆ ಡಿಸೆಂಬರ್ 4ರ ರಾತ್ರಿ ಹೋದುವು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಚಪಲ್ ಅವುಗಳ ತಂಗಿ. ನೌಕಾಪಡೆಯನ್ನು ಸೇರಿದುದು 1976ರಲ್ಲಿ, ನಿವೃತ್ತಿಯಾದುದು 2005ರಲ್ಲಿ. ಯುದ್ಧ ಮಾಡದಿದ್ದರೇನು, ಇಪ್ಪತ್ತೆಂಟು ವರ್ಷ ಗಡಿ ಕಾಯ್ದ ದೋಣಿಗೆ ಸುಳ್ಳು ಬಿರುದು ಬೇಕಾಗಿಲ್ಲ.

ಊರನ್ನು ಬಿಟ್ಟು ದಕ್ಷಿಣಕ್ಕೆ ಸಾಗಿದರೆ ಹೆದ್ದಾರಿಯ ಒಂದು ಮಗ್ಗುಲಿಗೆ ನೌಕಾನೆಲೆಯ ಗೋಡೆ ಜೊತೆಗೂಡುತ್ತದೆ. ಮಕ್ಕಳು ಕಿಟಕಿಯಿಂದ ಇಣುಕುತ್ತಾರೆ. ಒಳಗೆ ಪ್ರವೇಶವಿಲ್ಲ, ಇರಬಾರದು ಕೂಡ. ‘ಸೀಬರ್ಡ್’ ಯೋಜನೆಗೆ ರಾಜೀವ ಗಾಂಧಿಯವರು 1986ರಲ್ಲಿ ಅಡಿಗಲ್ಲಿಟ್ಟರು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಅಂಜದೀಪವೂ ಈಗ ಅದರ ವಶದಲ್ಲಿದೆ. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳಲು ಹೋದ ಹಡಗುಗಳಲ್ಲಿ ಒಂದರ ಹೆಸರು ‘ಮೈಸೂರು’. ಆ ದಾಳಿಯಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು.

ನೆಲೆಗೆ ‘ಕದಂಬ’ ಎಂದು ಹೆಸರಿಟ್ಟಿದ್ದಾರೆ. ನ್ಯಾಮತಿಯವರಿಗೆ ಇದು ಮನೆಯ ಹೆಸರಿದ್ದಂತೆ. ಕದಂಬರ ಮೂಲಪುರುಷ ಮಯೂರಶರ್ಮನ ಕಥೆಯನ್ನು ಹೇಳುವ ಕಂಬ ನಿಂತಿರುವುದು ನೆರೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ. ಕಡಲಿಲ್ಲದ ಆ ಊರಿನ ಕುಲದ ಹೆಸರು ಹೊತ್ತ ಗೋವೆಯ ಕದಂಬರು ಮುಂದೆ ಪಶ್ಚಿಮ ಸಮುದ್ರದಲ್ಲಿ ನೌಕಾಬಲವನ್ನು ಕಟ್ಟಿದರು. ಹೆಸರು ಒಪ್ಪುವಂಥದೇ.

ಆದರೆ ಆ ಗೋಡೆಯೊಳಗೆ ಇನ್ನಷ್ಟು ಹೆಸರುಗಳಿದ್ದುವು. ಅರ್ಗಾ ಮೊದಲಾಗಿ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳಿಂದ ಸುಮಾರು 4,000 ಸಂಸಾರಗಳು ನೆಲೆಗಾಗಿ ಎದ್ದು ಹೋದುವು. ಗದ್ದೆ, ತೆಂಗಿನ ತೋಟ, ದೋಣಿ ಎಳೆದು ನಿಲ್ಲಿಸುತ್ತಿದ್ದ ಮರಳು, ಎಲ್ಲವೂ ಹೋಯಿತು. ಪುನರ್ವಸತಿಗೆಂದು ತೋಡೂರು ಮುಂತಾದೆಡೆ ಬಡಾವಣೆಗಳಾದುವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದುವು. ತೀರ್ಪು ಬರುವ ಮೊದಲೇ ಕಣ್ಣು ಮುಚ್ಚಿದವರಿದ್ದಾರೆ. ದೇಶಕ್ಕೆ ನೌಕಾನೆಲೆ ಬೇಕು ಎಂಬುದನ್ನು ಅವರಾರೂ ಅಲ್ಲಗಳೆದವರಲ್ಲ. ಚಪಲ್‌ನ ಒಳಗೆ ಅಷ್ಟು ಗೊಂಬೆಗಳಿಗೆ ಜಾಗವಿರುವಾಗ, ಅದರ ಪಕ್ಕದಲ್ಲೊಂದು ಕೋಣೆ ಕಟ್ಟಿ ಆ ಹಳ್ಳಿಗಳ ಒಂದು ಬಲೆ, ಒಂದು ಹುಟ್ಟು, ಹದಿಮೂರು ಊರುಗಳ ಹೆಸರನ್ನು ಇಟ್ಟರೆ ನೌಕಾಪಡೆಯ ಘನತೆಗೇನೂ ಕುಂದಾಗದು.

ಚನ್ನಗಿರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಂತವ್ವ ಕೆರೆ ಕಟ್ಟಿಸಹೊರಟಾಗ ಅದಕ್ಕೆ ಬೇಕಾದ ನೆಲ ಸೂಳೆಯರದಾಗಿತ್ತೆಂದೂ, ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಬಿಟ್ಟುಕೊಡುವೆವೆಂದು ಅವರು ಕರಾರು ಹಾಕಿದರೆಂದೂ ಐತಿಹ್ಯ. ಸರ್ಕಾರದ ಫಲಕಗಳಲ್ಲಿ ಅದು ಶಾಂತಿಸಾಗರ. ಆದರೆ ಕೆರೆಯ ಏರಿಯ ಬಳಿ ಇಳಿಯಬೇಕಾದ ಮುದುಕಿ ಕಂಡಕ್ಟರನಿಗೆ ಇಂದಿಗೂ ಹೇಳುವುದು, “ಸೂಳೆಕೆರೆಗೊಂದು ಟಿಕೆಟ್ ಕೊಡಪ್ಪ” ಎಂದೇ. ಕಾರವಾರದಲ್ಲಿಯೂ ಹಾಗೆಯೇ, ನೌಕಾನೆಲೆ ಎಲ್ಲಿ ಎಂದು ಕೇಳಿದ ಪ್ರವಾಸಿಗೆ ಊರಿನವರು ಕೈ ತೋರಿಸಿ “ಅರ್ಗಾದಲ್ಲಿ” ಎನ್ನುತ್ತಾರೆ.