ಕಲಬುರಗಿಯ ಬಿಸಿಲೂ ಬ್ಯಾಟರಿಯ ಆಯುಷ್ಯವೂ

ವೈಶಾಖ ಮಾಸದ ಒಂದು ಅಪರಾಹ್ಣ ಕಲಬುರಗಿಯ ಬಂಧುವೊಬ್ಬರ ಮನೆಯಲ್ಲಿ ಕರೆಂಟು ಹೋಗಿ, ಹತ್ತೇ ನಿಮಿಷಕ್ಕೆ ಇನ್ವರ್ಟರೂ ಕೂಗಿ ಸ್ತಬ್ಧವಾಗಿ, ತೊಟ್ಟಿಲ ಕೂಸು ಬೆವೆತು ಅಳತೊಡಗಿದಾಗ, ಕಾರಣವನ್ನರಸಿ ಮಾಳಿಗೆಯನ್ನೇರಿ, ತಗಡಿನ ಸೂರಿನ ಕೆಳಗಿರಿಸಿದ್ದ ಬ್ಯಾಟರಿಯನ್ನು ನೋಡಿದೆ. ನೀರಿನ ಮಟ್ಟವನ್ನು ತೋರುವ ತೇಲುಕಡ್ಡಿಗಳು ಆರೂ ಕುಸಿದು ಕುಳಿತಿದ್ದುವು. ಟರ್ಮಿನಲ್ಲುಗಳ ಮೇಲೆ ಬೂದುಬಿಳುಪಿನ ಹುಡಿ ಕಟ್ಟಿತ್ತು. ಮೇಲಿಟ್ಟ ಅಂಗೈ ಕ್ಷಣಮಾತ್ರವೂ ನಿಲ್ಲಲಿಲ್ಲ. ಕೊಂಡು ಎರಡು ವರ್ಷವೂ ತುಂಬಿರದ ಬ್ಯಾಟರಿ ಅದು.

ಬ್ಯಾಟರಿಯಲ್ಲಿ ವಿದ್ಯುತ್ತು ರಾಸಾಯನಿಕ ಶಕ್ತಿಯಾಗಿ ಅಡಗಿರುವುದಷ್ಟೆ. ಉಷ್ಣವೇರಿದಂತೆಲ್ಲ ನಮಗೆ ಬೇಕಾದ ಕ್ರಿಯೆಯೊಡನೆ ಬೇಡವಾದ ಕ್ರಿಯೆಗಳೂ ತ್ವರೆಗೊಳ್ಳುತ್ತವೆ. ಸೀಸದ ಬ್ಯಾಟರಿಯಲ್ಲಿ ನೀರು ಬೇಗನೆ ಆರುತ್ತದೆ, ಫಲಕಗಳು ಸವೆಯುತ್ತವೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೂ ಅದರ ಆಯುಷ್ಯವು ಸರಿಸುಮಾರು ಅರ್ಧಕ್ಕಿಳಿಯುವುದೆಂಬುದು ಈ ಕಸುಬಿನವರು ಬಹುಕಾಲದಿಂದ ಹಿಡಿದು ಬಂದಿರುವ ಲೆಕ್ಕ. ವಿದ್ಯುತ್ ಕಾರಿನ ಲಿಥಿಯಂ ಬ್ಯಾಟರಿಯಲ್ಲಿಯಾದರೋ ಋಣಧ್ರುವವನ್ನಾವರಿಸಿದ ಸೂಕ್ಷ್ಮವಾದ ಪೊರೆಯು ಬಿಸಿಗೆ ದಪ್ಪವಾಗುತ್ತ, ಲಿಥಿಯಂ ಅನ್ನು ನುಂಗುತ್ತ ಹೋಗುತ್ತದೆ. ಪೂರ್ಣ ಚಾರ್ಜಾದ ಗಾಡಿಯನ್ನು ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದರಂತೂ ಹಾನಿಯು ಇನ್ನೂ ಶೀಘ್ರ.

ಶೀತವೂ ಬಾಧಿಸದೆ ಬಿಡದು. 2024ರ ಜನವರಿಯಲ್ಲಿ ಷಿಕಾಗೊ ನಗರವು ಕಡುಚಳಿಗೆ ಸಿಕ್ಕಾಗ ವಿದ್ಯುತ್ ಕಾರುಗಳು ಚಾರ್ಜಿಂಗ್ ಕೇಂದ್ರಗಳೆದುರು ಸಾಲುಗಟ್ಟಿ ನಿಂತುವು. ಆದರೆ ಸೊನ್ನೆ ಡಿಗ್ರಿಗೂ ಕೆಳಗೆ ಅವಸರದಿಂದ ಚಾರ್ಜು ಮಾಡದಿದ್ದ ಪಕ್ಷದಲ್ಲಿ, ಚಳಿಗೆ ಕುಂದಿದ ಬಲವು ಬೆಚ್ಚಗಾದೊಡನೆ ಬಹುಪಾಲು ಮರಳುತ್ತದೆ; ಬಿಸಿಲು ತಿಂದುದು ಮರಳಿ ಬಾರದು. 2012ರಲ್ಲಿ ಅಮೆರಿಕದ ಅರಿಝೋನಾ ಪ್ರಾಂತದ ನಿಸಾನ್ ಲೀಫ್ ಕಾರುಗಳ ಮಾಲೀಕರು, ದ್ರವದಿಂದ ತಂಪುಗೊಳಿಸುವ ಏರ್ಪಾಡಿಲ್ಲದ ತಮ್ಮ ಬ್ಯಾಟರಿಗಳು ಅಕಾಲದಲ್ಲಿ ಬಲಗುಂದಿದುವೆಂದು ದೂರಿದ ಮೇಲೆ, ಕಂಪನಿಯು ಧಾರಣಶಕ್ತಿಯ ಇಳಿತಕ್ಕೂ ವಾರಂಟಿಯನ್ನು ಕೊಡಬೇಕಾಯಿತು.

ಅಂತಹ ವಾರಂಟಿಯನ್ನು ನಾವೇಕೆ ಕೇಳಬಾರದು? ನಮ್ಮಲ್ಲಿ ಇನ್ವರ್ಟರ್ ಬ್ಯಾಟರಿಗಳ ಧಾರಣಶಕ್ತಿಯನ್ನು ಹೇಳುವುದು ಸಾಮಾನ್ಯವಾಗಿ 27 ಡಿಗ್ರಿಯ ಲೆಕ್ಕದಲ್ಲಿ. ಕಲಬುರಗಿ ರಾಯಚೂರುಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನವು 40ನ್ನು ದಾಟುವುದು ಕೂಸಿಗೂ ಗೊತ್ತು. ಸಾಲ ಮಾಡಿ ಕೊಳ್ಳುವ ಗೃಹಸ್ಥನಿಗೆ, ಆ ಶಾಖದಲ್ಲಿ ಬ್ಯಾಟರಿಯು ಎಷ್ಟು ವರ್ಷ ಬಾಳೀತೆಂಬುದನ್ನು ವಾರಂಟಿ ಕಾರ್ಡಿನಲ್ಲಿಯೇ ಕನ್ನಡದಲ್ಲಿ ಅಚ್ಚು ಹಾಕಿಸಿ ತಿಳಿಸತಕ್ಕದ್ದು, ಮತ್ತು ಸರ್ಕಾರವು ಇದನ್ನು ಕಡ್ಡಾಯ ಮಾಡತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಂಧುಗಳ ಹೊಸ ಬ್ಯಾಟರಿಯನ್ನು ಮಾಳಿಗೆಗೆ ಒಯ್ಯಗೊಡಲಿಲ್ಲ. ಕೆಳಗಿನ ಪಡಸಾಲೆಯಲ್ಲಿ, ಗಾಳಿಯಾಡುವ ಉತ್ತರದ ಕಿಟಕಿಯ ಬಳಿ, ಶಹಾಬಾದು ಕಲ್ಲಿನ ತಂಪಾದ ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇರಿಸಿದೆವು.