ಬೀಚನಹಳ್ಳಿಯ ದಾರಿಗೆ ಹಳೆಯ ಕಾರು: ಮೋಜು ಯಾರದು, ಹೊಗೆ ಯಾರಿಗೆ?

ಮೈಸೂರಿನಲ್ಲಿ ಮನೆ, ಹೆಗ್ಗಡದೇವನಕೋಟೆ, ಸರಗೂರು, ಬೀಚನಹಳ್ಳಿಯ ಸೀಮೆಯಲ್ಲಿ ಉದ್ಯೋಗ: ಹೀಗೆ ಎರಡು ಊರುಗಳ ನಡುವೆ ಬದುಕು ಕಟ್ಟಿಕೊಂಡ ಅಧಿಕಾರಿಗಳು, ಉಪನ್ಯಾಸಕರು, ಕಬಿನಿ ಹಿನ್ನೀರಿನ ದಂಡೆಯ ವಸತಿಗೃಹಗಳ ಸಿಬ್ಬಂದಿ ಇದ್ದಾರೆ. ಇಂಥವರಲ್ಲಿ ಕೆಲವರಿಗೆ ಈಗೊಂದು ಹಂಬಲ ಹತ್ತಿದೆ. ದಿನನಿತ್ಯದ ಓಡಾಟಕ್ಕೇ ಸೊಗಸಾದ ಹಳೆಯ ಕಾರೊಂದು ಬೇಕು. ಅದು ಅಂಬಾಸಿಡರ್ ಆಗಬಹುದು, ಪ್ರೀಮಿಯರ್ ಪದ್ಮಿನಿಯಾಗಬಹುದು, ಕಾಂಟೆಸಾ ಅಥವಾ ಮಹೀಂದ್ರಾ ಜೀಪೂ ಆಗಬಹುದು. ಹಂಬಲವನ್ನು ಹಂಬಲವೆಂದೇ ಹೇಳಿಕೊಂಡಿದ್ದರೆ ಈ ಪುಟಗಳಲ್ಲಿ ಅದರ ಚರ್ಚೆಗೆ ಕಾರಣವಿರಲಿಲ್ಲ. ಆದರೆ ಅದಕ್ಕೆ ಪರಿಸರದ ಅಂಗಿ ತೊಡಿಸಲಾಗುತ್ತಿದೆ. ಹೊಸ ಕಾರಿನ ತಯಾರಿಕೆಗೆ ಉಕ್ಕು, ವಿದ್ಯುತ್ತು, ನೀರು ವ್ಯಯವಾಗುತ್ತವೆ. ಇರುವುದನ್ನೇ ದುರಸ್ತಿ ಮಾಡಿ ಓಡಿಸುವವನು ಭೂಮಿಗೆ ಉಪಕಾರ ಮಾಡುತ್ತಾನೆ ಎಂಬುದು ವಾದ. ಕೇಳುವುದಕ್ಕೆ ಇದು ಪರಿಸರ ಚಳವಳಿಯ ಮಾತಿನಂತೆಯೇ ಇದೆ. ಆದ್ದರಿಂದಲೇ ಇದನ್ನು ತೂಗಿ ನೋಡಬೇಕಾಗಿದೆ.

ಲೆಕ್ಕ ಕಠಿಣವೇನಲ್ಲ, ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಮೈಸೂರಿನಿಂದ ಬೀಚನಹಳ್ಳಿಗೆ ಸುಮಾರು 60 ಕಿಲೋಮೀಟರ್, ಹೋಗಿ ಬರಲು 120. ಪೆಟ್ರೋಲ್ ಅಂಬಾಸಿಡರ್ ಲೀಟರಿಗೆ 10 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ ದಿನಕ್ಕೆ 12 ಲೀಟರ್, ವರ್ಷಕ್ಕೆ 250 ಕೆಲಸದ ದಿನಗಳಿಗೆ 3,000 ಲೀಟರ್. ಲೀಟರಿಗೆ 18 ಕಿಲೋಮೀಟರ್ ಓಡುವ ಸಣ್ಣ ಕಾರಿಗೆ ಇದೇ ಓಡಾಟಕ್ಕೆ ಸುಮಾರು 1,670 ಲೀಟರ್ ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಹಳೆಯ ಕಾರು ವರ್ಷಕ್ಕೆ ಸುಮಾರು ಮೂರು ಟನ್ ಹೆಚ್ಚು ಉಗುಳುತ್ತದೆ. ಸಣ್ಣ ಕಾರೊಂದರ ತಯಾರಿಕೆಯ ಹೊರೆಯನ್ನು ಐದಾರು ಟನ್ ಎಂದು ಹಿಡಿದರೂ ಎರಡು ವರ್ಷಗಳಲ್ಲಿ ಆ ಸಾಲ ತೀರಿಹೋಗುತ್ತದೆ. ಆ ಬಳಿಕ ಹಳೆಯ ಕಾರಿನವನು ಮಾಡುವುದು ಉಪಕಾರವಲ್ಲ.

ಹಳೆಯ ಕಾರಿನ ಪಕ್ಷಕ್ಕೆ ನ್ಯಾಯ ಒದಗಿಸುವ ಸಂದರ್ಭವೂ ಒಂದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಸರಗೂರಿನಲ್ಲೇ ಮನೆಮಾಡಿ ದಿನಕ್ಕೆ ಹತ್ತೇ ಕಿಲೋಮೀಟರ್ ಓಡಾಡುವವನಿಗೆ ಇದೇ ಲೆಕ್ಕ ಹಾಕಿದರೆ ವರ್ಷದ ವ್ಯತ್ಯಾಸ ಕಾಲು ಟನ್ ಮಾತ್ರ; ಹೊಸ ಕಾರಿನ ತಯಾರಿಕೆಯ ಸಾಲ ತೀರಲು ಇಪ್ಪತ್ತು ವರ್ಷಗಳೇ ಬೇಕಾದೀತು. ಹಳೆಯ ಟ್ರ್ಯಾಕ್ಟರನ್ನು ದುರಸ್ತಿ ಮಾಡಿ ಮಾಡಿ ಉಳಿಸಿಕೊಳ್ಳುವ ರೈತನ ಜಾಣತನದ ಮರ್ಮವೂ ಇದೇ: ಅದು ವರ್ಷದಲ್ಲಿ ಓಡುವ ಗಂಟೆಗಳು ಕಡಿಮೆ. ಆ ಜಾಣತನವನ್ನು ದಿನಕ್ಕೆ 120 ಕಿಲೋಮೀಟರ್ ಓಡುವವರು ಎರವಲು ಪಡೆಯುವುದು ಸಲ್ಲದು. (ಹತ್ತು ಕಿಲೋಮೀಟರಿಗೆ ಸೈಕಲ್ಲಿದೆ ಎಂಬ ಮಾತು ಬೇರೆ.)

ಇಷ್ಟಕ್ಕೂ ಹೋಲಿಕೆಯನ್ನೇ ವಕ್ರವಾಗಿ ಹೂಡಲಾಗಿದೆ. ಒಂದು ಕಡೆ ಹಳೆಯ ಸೊಗಸುಗಾರ, ಇನ್ನೊಂದು ಕಡೆ ಹೊಚ್ಚಹೊಸ ಕಾರು. ನಡುವೆ ಏನೂ ಇಲ್ಲವೆಂಬಂತೆ! ಹತ್ತು ಹನ್ನೆರಡು ವರ್ಷ ಓಡಿದ, ಇಂಧನವನ್ನು ಅಳೆದು ಸಿಂಪಡಿಸುವ ಎಂಜಿನ್ನಿನ, ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರ್ ಇರುವ ಸಣ್ಣ ಕಾರುಗಳು ಮೈಸೂರಿನ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ತಯಾರಿಕೆಯ ಉಕ್ಕೂ ಎಂದೋ ವ್ಯಯವಾಗಿ ಹೋಗಿದೆ. ಇರುವುದನ್ನೇ ಬಳಸಬೇಕೆಂಬ ತತ್ತ್ವ ನಿಜವಾಗಿದ್ದರೆ ಅಲ್ಲಿಗೆ ಹೋಗಬೇಕು. ಹೋಗುವುದಿಲ್ಲ, ಏಕೆಂದರೆ ಆ ಕಾರುಗಳನ್ನು ದಾರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಹೊಗೆಯ ವಿಚಾರ. ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ ಎಂದು ಹಲವರು ತೋರಿಸುತ್ತಾರೆ. ಆ ಪತ್ರದ ಅರ್ಥವೇನೆಂಬುದನ್ನು ಹಳ್ಳಿಗರೂ ತಿಳಿದಿರಬೇಕು. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಅದರ ಹೊಗೆಯಲ್ಲಿ ಶೇ. 3ರವರೆಗೆ ಕಾರ್ಬನ್ ಮಾನಾಕ್ಸೈಡ್ ಇರಲು ನಿಯಮ ಅವಕಾಶ ಕೊಡುತ್ತದೆ. ಭಾರತ್ ಸ್ಟೇಜ್ 4ರ ಕಾರಿಗೆ ಇರುವ ಮಿತಿ ಶೇ. 0.3. ಒಂದಕ್ಕೆ ಹತ್ತರಷ್ಟು! ಎರಡಕ್ಕೂ ಸಿಗುವುದು ಒಂದೇ ಬಗೆಯ ಕಾಗದ. ಹಳೆಯ ಡೀಸೆಲ್ ಜೀಪಿನ ಮಸಿಯಂತೂ ಶಾಲೆಗೆ ನಡೆದುಹೋಗುವ ಮಕ್ಕಳ ಎದೆಮಟ್ಟದಲ್ಲೇ ಹೊರಬೀಳುತ್ತದೆ.

ಕಬಿನಿಯ ಅಚ್ಚುಕಟ್ಟಿನ ರೈತರಿಗೆ ಹತ್ತಿರವಾದ ಸಂಗತಿ ಮತ್ತೊಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶವಿಡೀ ವ್ಯಾಪಿಸಿತು. ಹಳೆಯ ಕಾರುಗಳ ರಬ್ಬರ್ ಕೊಳವೆ, ಕಾರ್ಕಿನ ಪಟ್ಟಿ, ಕಬ್ಬಿಣದ ಟ್ಯಾಂಕು ಈ ಇಂಧನಕ್ಕಾಗಿ ರೂಪುಗೊಂಡವಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ, ಕೊಳವೆ ಮೆತ್ತಗಾಗಿ ಸೋರುತ್ತದೆ. ಬಿಸಿಯಾದ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಜೊತೆಗೆ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ; ಬದಲಾದ ಇಂಧನಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವ ಬುದ್ಧಿ ಕಾರ್ಬುರೇಟರಿಗಿಲ್ಲ.

ಆ ಎಥೆನಾಲ್ ಆಕಾಶದಿಂದ ಇಳಿದುದೂ ಅಲ್ಲ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್ ಸಿಗುತ್ತದೆ. ಕಬ್ಬಿನ ಎಥೆನಾಲ್ ಒಂದು ಲೀಟರಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಲೆಕ್ಕ ಕೊಟ್ಟಿದೆ. ಮುಸುಕಿನ ಜೋಳ, ಅಕ್ಕಿಯಿಂದಲೂ ಎಥೆನಾಲ್ ತಯಾರಾಗುತ್ತದೆ, ನಿಜ. ಆದರೂ ಎಲ್ಲವೂ ಕಬ್ಬಿನದೆಂದು ಭಾವಿಸಿ ನೋಡಿದರೆ, ವರ್ಷಕ್ಕೆ 3,000 ಲೀಟರ್ ಕುಡಿಯುವ ಆ ಅಂಬಾಸಿಡರಿಗೆ 600 ಲೀಟರ್ ಎಥೆನಾಲ್ ಬೇಕು. ಎಕರೆಗೆ 40 ಟನ್ ಇಳುವರಿಯ ಲೆಕ್ಕದಲ್ಲಿ ಅದು ಎಂಟೊಂಬತ್ತು ಗುಂಟೆ ಕಬ್ಬು. ನಾಲೆಯ ಕೊನೆಯಂಚಿನ ರೈತ ನೀರಿಗಾಗಿ ಕಾದು ಕುಳಿತಿರುವಾಗ, ಒಬ್ಬನೇ ಕುಳಿತು ಸಾಗುವ ಸೋಫಾದಂಥ ಸೀಟಿನ ಕಾರಿಗೆ ಎಂಟು ಗುಂಟೆಯ ಬೆಳೆ! ಸಣ್ಣ ಕಾರಿಗೂ ಬೇಕು, ಆದರೆ ಐದು ಗುಂಟೆಯೂ ಬೇಡ.

ಕಾಡಿನ ದಾರಿಯ ಮಾತನ್ನೂ ಮರೆಯುವಂತಿಲ್ಲ. ಅಂತರಸಂತೆಯಿಂದ ಬಾವಲಿಯ ಕಡೆಗೆ ಹೋಗುವ ರಸ್ತೆ ನಾಗರಹೊಳೆಯ ಕಾಡನ್ನು ಹಾಯ್ದು ಹೋಗುತ್ತದೆ; ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು, ಮಂಕು ದೀಪ ಹೊತ್ತ ಕಾರು ಮುಸ್ಸಂಜೆಯ ಹೊತ್ತಿಗೆ ಆನೆಯ ಎದುರು ನಿಲ್ಲಬೇಕಾಗಿ ಬಂದರೆ ತೊಂದರೆ ಚಾಲಕನೊಬ್ಬನದೇ ಅಲ್ಲ. ಕೆಟ್ಟು ನಿಂತ ಕಾರನ್ನು ಎಳೆದು ತರಲು ಹೋಗಬೇಕಾದವರು ಅರಣ್ಯ ಸಿಬ್ಬಂದಿ ಮತ್ತು ಹತ್ತಿರದ ಹಾಡಿಯ ಜನ.

ಕಾನೂನು ಈ ವಿಷಯದಲ್ಲಿ ಅಭಿಮಾನಿಗಳಿಗಿಂತ ಸ್ಪಷ್ಟವಾಗಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು; ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಷ್ಟು ವಯಸ್ಸಾಗದ ಪದ್ಮಿನಿ, ಕಾಂಟೆಸಾಗಳು ಈ ನಿಯಮದಿಂದ ತಪ್ಪಿಸಿಕೊಳ್ಳುತ್ತವೆ. ಅಂಥವಕ್ಕೆ ಸರ್ಕಾರ ಶುಲ್ಕದ ಬೇಲಿ ಹಾಕಿದೆ: 15 ವರ್ಷ ದಾಟಿದ ಕಾರಿನ ಮರುನೋಂದಣಿಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಲಕ್ಷಗಟ್ಟಲೆ ಸುರಿದು ಬಣ್ಣ ಬಳಿಸುವವನಿಗೆ ಈ ಬೇಲಿ ತಡೆಯಾಗದು. ತಡೆಯಾಗುವುದು ಹಳೆಯ ಮಾರುತಿ 800ರಲ್ಲಿ ಬಾಳೆಗೊನೆ ಸಾಗಿಸುವ ಸಣ್ಣ ರೈತನಿಗೆ. ನೀತಿ ರೂಪಿಸುವವರು ಮೋಜಿನ ಕಾರನ್ನೂ ಅಗತ್ಯದ ಕಾರನ್ನೂ ಒಂದೇ ಕೋಲಿನಿಂದ ಅಳೆದಿದ್ದಾರೆ.

ಹಳೆಯ ವಾಹನದ ಮೇಲಿನ ಪ್ರೀತಿಯನ್ನು ಮೈಸೂರಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆದ ಊರು ಅದು. ಆದರೆ ಆ ಜಾವಾ, ಯೆಜ್ಡಿಗಳ ಟೂ ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಜೊತೆಗೆ ಆಯಿಲನ್ನೂ ಉರಿಸುತ್ತದೆ, ಇಂಧನದ ಒಂದು ಪಾಲನ್ನು ಉರಿಸದೆಯೇ ಹೊರಗೆ ಬಿಡುತ್ತದೆ. ಪ್ರೀತಿ ಇರಲಿ, ವರ್ಷಕ್ಕೊಮ್ಮೆ ಮೆರವಣಿಗೆ ಹೊರಡಲಿ. ಕಾಲೇಜಿಗೆ ದಿನವೂ ಅದರಲ್ಲೇ ಹೋಗುವುದನ್ನು ಸಂಸ್ಕೃತಿಯ ರಕ್ಷಣೆ ಎನ್ನುವುದು ಬೇಡ.

ಈ ಚರ್ಚೆಯಲ್ಲಿ ಯಾರೂ ಹೆಸರೆತ್ತದ ವಾಹನ ಬಸ್ಸು. ಲೀಟರ್ ಡೀಸೆಲಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಬಸ್ಸಿನಲ್ಲಿ 45 ಜನ ಕುಳಿತರೆ ಆ 120 ಕಿಲೋಮೀಟರಿಗೆ ತಲೆಗೆ ಬೀಳುವುದು 600 ಮಿಲಿಲೀಟರ್. ಅಂಬಾಸಿಡರಿನ 12 ಲೀಟರಿನ ಎದುರು ಇದನ್ನಿಟ್ಟು ನೋಡಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ದರವಿಲ್ಲದ ಮಾತ್ರಕ್ಕೆ ಬಸ್ಸು ಹೆಚ್ಚುವುದಿಲ್ಲ. ಕಚೇರಿಯ ವೇಳೆಗೆ ಸರಿಯಾದ ಬಸ್ಸು ಬೇಕೆಂದು ಸಾರಿಗೆ ಸಂಸ್ಥೆಯ ಬಾಗಿಲು ತಟ್ಟಬಲ್ಲವರು, ತಟ್ಟಿದರೆ ಕೇಳಿಸಿಕೊಳ್ಳಲಾಗುವವರು ಅಧಿಕಾರಿಗಳು ಮತ್ತು ಉಪನ್ಯಾಸಕರೇ. ಅವರು ಕಾರಿನೊಳಗೆ ಕುಳಿತೊಡನೆ ನಿಲ್ದಾಣದಲ್ಲಿ ಉಳಿಯುವವರು ಕೂಲಿಯವರು, ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ಮುದುಕರು. ಅವರ ಅರ್ಜಿಗೆ ಅಷ್ಟು ಬೇಗ ಉತ್ತರ ಬರುವುದಿಲ್ಲ.

ಇಷ್ಟಾದ ಮೇಲೂ ಹಳೆಯ ಕಾರನ್ನು ಇಟ್ಟುಕೊಂಡೇ ತೀರುವೆನೆಂಬವರು ಇಂಧನದ ಕೊಳವೆಗಳನ್ನು ಎಥೆನಾಲ್ ತಾಳುವ ರಬ್ಬರಿಗೆ ಬದಲಿಸಿಕೊಳ್ಳಲಿ, ಮುಂದಿನ ಸೀಟುಗಳಿಗೆ ಬೆಲ್ಟು ಹಾಕಿಸಲಿ, ಭಾನುವಾರ ಬೆಳಗ್ಗೆ ಓಡಿಸಲಿ. ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲನ್ನು ರಸ್ತೆಯ ಬದಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಮರುಬಳಕೆಯವರಿಗೆ ಒಪ್ಪಿಸಲಿ. ಬೀಚನಹಳ್ಳಿಯಲ್ಲಿ ರಸ್ತೆಯ ಬದಿಗೆ ಸುರಿದದ್ದು ಮೊದಲ ಮಳೆಗೆ ನಾಲೆ ಸೇರುತ್ತದೆ. ಆ ನೀರೇ ಗದ್ದೆಗೂ ಹರಿಯುತ್ತದೆ, ದನಕರುಗಳೂ ಅದನ್ನೇ ಕುಡಿಯುತ್ತವೆ.