ಹ್ಯಾಮರನ್ನು ಅವರ ಕೈಗೂ ಕೊಡಿ

ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಹೇಳುವ ಹಿರಿಯರೇ, ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಮಕ್ಕಳು ಏನೆಂದು ಬೇಡಿಕೊಳ್ಳುತ್ತಾರೆಂದು ನಿಮಗೆ ಗೊತ್ತು. ಲಾಂಗ್ ಕೇಸಿಗೆ ಹೃದಯ ಬರಲಿ, ಹೊಟ್ಟೆ ಬರಲಿ, ನ್ಯೂರೋ ಮಾತ್ರ ಬಾರದಿರಲಿ ದೇವರೇ! ನೀವೂ ಒಂದು ಕಾಲಕ್ಕೆ ಹಾಗೆ ಬೇಡಿಕೊಂಡವರೇ ಇರಬಹುದು; ಅದಕ್ಕೇ ನಕ್ಕು ಮುಂದೆ ಹೋಗುತ್ತೀರಿ.

ದಯವಿಟ್ಟು ನಗಬೇಡಿ. ಅಮೆರಿಕದ ನರರೋಗ ತಜ್ಞ ರಾಲ್ಫ್ ಜೋಸೆಫೊವಿಚ್ 1994ರಲ್ಲಿ ಈ ಅಂಜಿಕೆಯನ್ನು ನ್ಯೂರೋಫೋಬಿಯಾ ಎಂದು ಕರೆದು, ಪುಸ್ತಕದಲ್ಲಿ ಕಲಿತದ್ದನ್ನು ರೋಗಿಗೆ ಹೊಂದಿಸಲಾಗದ ತೊಳಲಾಟವೇ ಅದರ ಬೇರು ಎಂದು ಬರೆದರು. ನಮ್ಮಲ್ಲೂ ಅದೇ ಕಥೆ. ಮೊದಲ ವರ್ಷ ಬೆನ್ನುಹುರಿಯ ಅಡ್ಡಸೀಳನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು, 12 ಕಪಾಲ ನರಗಳನ್ನು ಉರುಹೊಡೆದು ಬಂದ ಹುಡುಗಿಗೆ, ಆ ಚಿತ್ರವೇ ಈ ಅಜ್ಜನ ಎಳೆದು ಹಾಕುವ ಕಾಲಿನಲ್ಲಿದೆ ನೋಡು ಎಂದು ಯಾರೂ ತೋರಿಸಲಿಲ್ಲ. ತೋರಿಸಬೇಕಾದವರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದರು. ಭಯ ಅವಳೊಂದಿಗೆ ಹುಟ್ಟಿದ್ದಲ್ಲ, ಕಲಿಸಿದ್ದು. ನಿಮಗೆ ಗೊತ್ತು.

ಅದರ ಬೆಲೆ ತೆರುವವರು ಪರೀಕ್ಷೆ ಬರೆದವರಲ್ಲ. ನಾಳೆ ಆ ಹುಡುಗಿ ಯಾವುದೋ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ಇರುತ್ತಾಳೆ. ಬಾಯಿ ಸೊಟ್ಟಗಾಗಿ, ಬಲಗೈ ಜೋತುಬಿದ್ದು, ಹೇಳಬೇಕೆಂದಿದ್ದ ಮಾತೇ ಹೊರಡದ ಹೆಂಗಸನ್ನು ಮನೆಯವರು ಆಟೊದಲ್ಲಿ ಕರೆತರುತ್ತಾರೆ. ಗಾಳಿ ಸೋಕಿದೆ, ಲಕ್ವದ ಎಣ್ಣೆ ಹಚ್ಚಿಸೋಣ ಎಂದು ಹೊರಗೆ ಯಾರೋ ಅನ್ನುತ್ತಿರುತ್ತಾರೆ. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ 4.5 ಗಂಟೆ, ಅದರಲ್ಲಿ ಎಷ್ಟೋ ದಾರಿಯಲ್ಲೇ ಕಳೆದಿರುತ್ತದೆ. ಕಾಲು ಸೋಲುತ್ತಿದೆ ಎಂದು ಬಂದ ಯುವಕನಿಗೆ ಶಕ್ತಿಯ ಇಂಜೆಕ್ಷನ್ ಕೊಟ್ಟು ಕಳಿಸಲಾಗುತ್ತದೆ. ಹ್ಯಾಮರಿನಿಂದ ತಟ್ಟಿದ್ದರೆ ಮೊಣಕಾಲು ಮಿಸುಕದಿರುವುದು ಕಾಣುತ್ತಿತ್ತು, ಗಿಲ್ಲನ್-ಬಾರೆಯ ಅನುಮಾನ ಬರುತ್ತಿತ್ತು, ಉಸಿರಾಟ ಸೋಲುವ ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸಬಹುದಿತ್ತು. ತರಗತಿಯಲ್ಲಿ ಕ್ಷಣಕಾಲ ಶೂನ್ಯ ದಿಟ್ಟಿಸುವ ಮಗು ಗಮನವಿಲ್ಲವೆಂದು ಏಟು ತಿನ್ನುತ್ತದೆ. ಅದು ಮೂರ್ಛೆಯೂ ಇದ್ದೀತು ಎಂದು ಹೇಳಬೇಕಾದವರು ಯಾರು? ಮಾತು ನಿಂತ ಹೆಂಗಸು ದೂರು ಬರೆಯುವುದಿಲ್ಲ, ಏಟು ತಿಂದ ಮಗುವೂ ಬರೆಯುವುದಿಲ್ಲ. ನಿಮಗೆ ಗೊತ್ತು.

ಇದೆಲ್ಲ ತಜ್ಞರ ಕೆಲಸ ಎನ್ನಬೇಡಿ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್‌ನಂಥ ಅಗ್ಗದ ಮಾತ್ರೆಯಿಂದಲೇ ಹಳ್ಳಿಗಾಡಿನಲ್ಲೂ ಎಷ್ಟೋ ಜನರ ಮೂರ್ಛೆ ಹತೋಟಿಗೆ ಬರುತ್ತದೆಂದು ಅದು ತೋರಿಸಿತು. ಮಾತ್ರೆ ಇತ್ತು, ಈಗಲೂ ಇದೆ. ಬರೆದುಕೊಡುವ ಕೈ ನಡುಗಬಾರದು, ಅಷ್ಟೆ.

ನಿಮ್ಮ ಹೊರೆ ನನಗೆ ಕಾಣದ್ದೇನಲ್ಲ. ಹೊರರೋಗಿಗಳ ಸಾಲು ಬಾಗಿಲು ದಾಟಿರುತ್ತದೆ, ಕಾಗದಪತ್ರ ಕಾಯುತ್ತಿರುತ್ತವೆ. ಆದರೂ ಕೇಳುತ್ತೇನೆ. ನಾಳೆಯ ರೌಂಡ್ಸಿನಲ್ಲಿ ಪಾರ್ಶ್ವವಾಯುವಿನ ಆ ಹಾಸಿಗೆಯನ್ನು ದಾಟಿ ಹೋಗಬೇಡಿ. ಸ್ಕ್ಯಾನಿನ ಕವರು ತೆರೆಯುವ ಮೊದಲು ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ. ಕೆಟ್ಟಿರುವುದು ಎಲ್ಲಿ, ಮಿದುಳಿನಲ್ಲೋ, ಬೆನ್ನುಹುರಿಯಲ್ಲೋ, ನರದಲ್ಲೋ, ಸ್ನಾಯುವಿನಲ್ಲೋ ಎಂಬುದನ್ನಷ್ಟೇ ಮೊದಲು ಕೇಳಿ; ಕಾಯಿಲೆಯ ಹೆಸರು ಆಮೇಲೆ ಬರಲಿ. ಹ್ಯಾಮರನ್ನು ಮುಂದಿನ ಸಾಲಿನ ಜಾಣನ ಕೈಯಿಂದ ತೆಗೆದು, ಗೋಡೆಗೆ ಒರಗಿ ನಿಮ್ಮ ಕಣ್ಣು ತಪ್ಪಿಸುತ್ತಿರುವವಳಿಗೆ ಕೊಡಿ. ಅವಳು ತಪ್ಪು ಹೇಳಿದರೆ ಗದರದೆ, ಇನ್ನೊಮ್ಮೆ ತಟ್ಟಿ ನೋಡಮ್ಮ ಅನ್ನಿ.